ತರಗೆಲೆ ಕಾಲದ ಕಾವಲು



ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಬೆಂಗಳೂರಿನ ಜಯನಗರದಲ್ಲಿ ಇರುವ ನಮಗೆ ಚಳಿ ಹೋದದ್ದು ಮರ ನೋಡಿದರೇ ತಿಳಿಯುತ್ತದೆ. ಮಾಘದಲ್ಲಿ ಹೊಂಗೆಮರ ಎಲೆ ಕಳಚುತ್ತದೆ. ಬೆಳಿಗ್ಗೆ ಗುಡಿಸಿದ ರಸ್ತೆ ಮಧ್ಯಾಹ್ನಕ್ಕೆ ಮತ್ತೆ ತರಗೆಲೆಯಿಂದ ತುಂಬಿರುತ್ತದೆ. ಯುಗಾದಿ ಹತ್ತಿರವಾಗುವಾಗ ಅದೇ ಮರ ಹೊಳೆಯುವ ಎಳೆಹಸಿರು ಹೊದ್ದು ನಿಂತಿರುತ್ತದೆ. ಟಬೂಬಿಯಾ ಗುಲಾಬಿ ಬಣ್ಣದಲ್ಲಿ ಅರಳಿ ಮುಗಿದ ಮೇಲೆ ಹಳದಿಯದರ ಸರದಿ ಬರುತ್ತದೆ. ಹೂವು ಹೆಚ್ಚಾದಂತೆ ಹೆಜ್ಜೇನು ಊರಿಗೆ ಬಂದು ಅಪಾರ್ಟ್‌ಮೆಂಟಿನ ಸಜ್ಜಾದ ಕೆಳಗೆ ಗೂಡು ಕಟ್ಟುತ್ತದೆ. ಪಾಲಿಕೆಯ ಅರಣ್ಯ ವಿಭಾಗದ ಫೋನು ಬಿಡುವಿಲ್ಲದೆ ಬಡಿದುಕೊಳ್ಳುವುದೂ ಈ ದಿನಗಳಲ್ಲೇ.

ನಮ್ಮ ಬೀದಿಗಳ ಈ ವಸಂತ ತಾನಾಗಿ ಬಂದದ್ದಲ್ಲ. 1980ರ ದಶಕದಲ್ಲಿ, ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಆರಂಭವಾದ ಒಂದು ಯೋಜನೆಯಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಕಾಡು, ಹಕ್ಕಿ, ಮರಗಳ ಬಗ್ಗೆ ಆಳವಾಗಿ ಬಲ್ಲ ಮನುಷ್ಯ ಅವರು. 2021ರಲ್ಲಿ ತೀರಿಕೊಂಡರು. ಇವತ್ತು ನಾವು ನೆರಳಲ್ಲಿ ನಡೆಯುವ ಎಷ್ಟೋ ರಸ್ತೆಗಳಿಗೆ ಅವರ ಋಣವಿದೆ.

ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ಅರಣ್ಯ ಇಲಾಖೆಯ ಇನ್ನೊಂದು ವಸಂತದ ಬಗ್ಗೆ. ಜಯನಗರದಿಂದ ಬನ್ನೇರುಘಟ್ಟ ರಸ್ತೆ ಹಿಡಿದರೂ ಸರಿ, ಕನಕಪುರ ರಸ್ತೆ ಹಿಡಿದರೂ ಸರಿ, ಕಾಡು ಸಿಕ್ಕೇ ಸಿಗುತ್ತದೆ. ನಮ್ಮ ಬೀದಿಯ ಹೊಂಗೆ ಎಲೆ ಕಳಚುವ ಹೊತ್ತಿಗೇ ಅಲ್ಲಿ ದಿಂಡಿಗ, ಮತ್ತಿ, ತೇಗಗಳೂ ಎಲೆ ಕಳಚುತ್ತಿರುತ್ತವೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಒಣಗಿ ಬಿದ್ದಿರುತ್ತದೆ. ಅದರ ಮೇಲೆ ತರಗೆಲೆ, ಅದರ ನಡುವೆ ಲಂಟಾನದ ಒಣಕಡ್ಡಿ. ಇಲ್ಲಿ ಮರದಡಿ ನಿಂತು ನಾವು ಹೂವಿನ ಫೋಟೋ ತೆಗೆಯುತ್ತಿರುವಾಗ ಅಲ್ಲೊಬ್ಬ ಗಸ್ತು ಅರಣ್ಯಪಾಲಕ ಬೆಟ್ಟದ ಮೇಲೆ ನಿಂತು ಹೊಗೆ ಹುಡುಕುತ್ತಿರುತ್ತಾನೆ. ಕಾಡಿನವರಿಗೆ ಸಂಕ್ರಾಂತಿಯಿಂದ ಮೊದಲ ದೊಡ್ಡ ಮಳೆಯವರೆಗಿನ ಈ ಕಾಲ ವರ್ಷದ ಅತ್ಯಂತ ಕಠಿಣ ಕಾಲ.

ಅವರ ಕೆಲಸ ಎಂದರೆ ಬೆಂಕಿ ಆರಿಸುವುದು ಎಂದು ನಾವು ತಿಳಿದಿರುತ್ತೇವೆ. ಅದಕ್ಕಿಂತ ದೊಡ್ಡ ಕೆಲಸ ಬೆಂಕಿ ಇಡುವುದು. ಇದನ್ನು ಕೊಂಚ ನಿಧಾನವಾಗಿ ಹೇಳಬೇಕು.

ಕಾಡಿನ ಅಂಚಿನಲ್ಲಿ, ರಸ್ತೆಗಳ ಎರಡೂ ಬದಿಯಲ್ಲಿ, ಒಂದು ವಲಯಕ್ಕೂ ಇನ್ನೊಂದಕ್ಕೂ ನಡುವೆ ಬೆಂಕಿ ರೇಖೆ ಮಾಡುತ್ತಾರೆ. ಸಿಬ್ಬಂದಿಯ ಬಾಯಲ್ಲಿ ಅದು ಫೈರ್‌ಲೈನ್. ಡಿಸೆಂಬರ್ ಹೊತ್ತಿಗೆ ಹುಲ್ಲು ಇನ್ನೂ ಅರೆಹಸಿ ಇರುವಾಗಲೇ ಆ ಪಟ್ಟಿಯಲ್ಲಿ ಹುಲ್ಲು, ಪೊದೆ ಸವರಿ ಅಲ್ಲೇ ಬಿಡುತ್ತಾರೆ. ಬಿಸಿಲಿಗೆ ಅದು ಒಣಗುತ್ತದೆ. ಆಮೇಲೆ ಪಟ್ಟಿಯ ಎರಡೂ ಅಂಚನ್ನು ನೆಲ ಕಾಣುವಂತೆ ಗುಡಿಸಿ, ನಡುವಿನ ಒಣಹುಲ್ಲಿಗೆ ತಾವೇ ಬೆಂಕಿ ಕೊಡುತ್ತಾರೆ. ಎರಡೂ ಬದಿಯಲ್ಲಿ ಹಸಿಸೊಪ್ಪಿನ ಕೊಂಬೆ ಹಿಡಿದು, ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡು ಜನ ನಿಂತಿರುತ್ತಾರೆ. ಉರಿ ಗೆರೆ ದಾಟದಂತೆ ಬಡಿಯುತ್ತ, ಅದರ ಜೊತೆಗೇ ನಡೆಯುತ್ತ ಹೋಗುತ್ತಾರೆ. ಸುಟ್ಟು ಕರಿಯಾದ ಆ ಪಟ್ಟಿಗೆ ಮುಂದೆ ಮಾರ್ಚ್‌ನಲ್ಲಿ ಕಾಡ್ಗಿಚ್ಚು ಬಂದು ತಾಗಿದರೆ ತಿನ್ನಲು ಏನೂ ಸಿಗದೆ ಸಾಯಬೇಕು. ಇದಿಷ್ಟೇ ಲೆಕ್ಕ.

ಹೇಳಲು ಇಷ್ಟೇ ಆದರೂ ಮಾಡಲು ಅನುಭವ ಬೇಕು. ಹುಲ್ಲು ಪೂರ್ತಿ ಹಸಿಯಾಗಿದ್ದರೆ ಹತ್ತುವುದಿಲ್ಲ. ಪೂರ್ತಿ ಒಣಗಿದ ಮೇಲೆ ಇಟ್ಟರೆ ಕೈಮೀರುತ್ತದೆ. ನಡುವೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲೂ ಗಾಳಿ ಇಳಿಯುವ ಸಂಜೆಯ ಮುಂಚಿನ ಹೊತ್ತೇ ಆಗಬೇಕು. ರಾತ್ರಿ ಬೀಳುವ ಇಬ್ಬನಿ ಉಳಿದ ಕಿಡಿಯನ್ನು ತಣಿಸಬೇಕು. ಚಳಿಗಾಲದ ಇಬ್ಬನಿಯೇ ಇವರ ದೊಡ್ಡ ಸಹಾಯಕ. ಅದು ನಿಂತ ಮೇಲೆ ಸಣ್ಣ ಬೆಂಕಿಯೂ ಸಣ್ಣದಲ್ಲ. ಬಂಡೀಪುರವೊಂದರಲ್ಲೇ ಇಂಥ ರೇಖೆಗಳ ಉದ್ದ ಸಾವಿರ ಕಿಲೋಮೀಟರ್ ಮೀರುತ್ತದೆ. ಅಷ್ಟನ್ನೂ ಸವರಿ, ಒಣಗಿಸಿ, ಸುಡಬೇಕು. ಹಣ ಬಿಡುಗಡೆಯಾಗುವುದು ಎರಡು ವಾರ ತಡವಾದರೆ ಆ ಎರಡು ವಾರವನ್ನು ಮತ್ತೆ ಯಾರೂ ತಂದುಕೊಡಲಾರರು. ಕಡತಕ್ಕೆ ಕಾಡಿನ ಪಂಚಾಂಗ ಗೊತ್ತಿರಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಸುಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಎಲೆ ಇನ್ನೂ ಉದುರುತ್ತಿರುತ್ತದೆ. ತೇಗದ ಅಗಲ ಎಲೆಗಳು ಸ್ವಚ್ಛ ಮಾಡಿದ ಗೆರೆಯ ಮೇಲೆ ಬಿದ್ದು, ಆ ಕಡೆಯಿಂದ ಈ ಕಡೆಗೆ ಬೆಂಕಿ ದಾಟಲು ಸೇತುವೆ ಕಟ್ಟುತ್ತವೆ. ಆದ್ದರಿಂದ ಮತ್ತೆ ಮತ್ತೆ ಗುಡಿಸಬೇಕು. ಈಗ ಕೆಲವೆಡೆ ಎಲೆ ಊದುವ ಯಂತ್ರಗಳು ಬಂದಿವೆ. ಅವು ಇಲ್ಲದಲ್ಲಿ ಕೊಂಬೆಯೇ ಪೊರಕೆ.

ಹಗಲು ಹೀಗಾದರೆ ರಾತ್ರಿ ಇನ್ನೊಂದು ಕಥೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಬಿಡಿಯಾಗಿ ನಿಂತ ಕಾಡಲ್ಲ. ಸಫಾರಿ ಬಸ್ಸಿನಲ್ಲಿ ಹುಲಿ ನೋಡಿ ಬರುವ ನಮಗೆ ಅದರ ಹಿಂದೆ ಚಾಚಿರುವ ಕಾಡು ಕಾಣುವುದಿಲ್ಲ. ದಕ್ಷಿಣಕ್ಕೆ ಅದು ಕಾವೇರಿ ವನ್ಯಜೀವಿ ಧಾಮಕ್ಕೆ, ಹೊಸೂರು ಕಡೆಯ ತಮಿಳುನಾಡಿನ ಕಾಡುಗಳಿಗೆ ತಗುಲಿಕೊಂಡಿದೆ. ಆನೆಗಳು ಆ ದಾರಿಯಲ್ಲಿ ಓಡಾಡುತ್ತವೆ. ರಾಗಿ ತೆನೆ ಕಟ್ಟಿದ ನವೆಂಬರ್‌ನಿಂದ ಕಣದ ಕೆಲಸ ಮುಗಿಯುವ ಜನವರಿಯವರೆಗೆ ಆನೇಕಲ್, ಹಾರೋಹಳ್ಳಿ, ರಾಗಿಹಳ್ಳಿ ಕಡೆಯ ಹೊಲಗಳಿಗೆ ಅವು ಇಳಿಯುತ್ತವೆ. ಕತ್ತಲಾದ ಮೇಲೆ ಜೀಪು, ಟಾರ್ಚು, ಪಟಾಕಿ ಹಿಡಿದು ಅವುಗಳನ್ನು ಹಿಂದಕ್ಕೆ ಕಳಿಸುವವರೂ ಬೆಳಿಗ್ಗೆ ಬೆಂಕಿ ರೇಖೆಯ ಮೇಲೆ ನಿಲ್ಲುವವರೂ ಬಹುಪಾಲು ಒಂದೇ ಜನ. ಅವರಲ್ಲಿ ಈಗ ಹೆಣ್ಣುಮಕ್ಕಳೂ ಇದ್ದಾರೆ. ಸುಗ್ಗಿಯ ಆನೆ ಕೆಲಸ ಮುಗಿಯುವ ಮೊದಲೇ ಬೇಸಿಗೆಯ ಬೆಂಕಿ ಕೆಲಸ ಶುರುವಾಗುತ್ತದೆ. ಎರಡರ ನಡುವೆ ನಿದ್ದೆಗೆ ಜಾಗವೇ ಇಲ್ಲದ ಹಾಗೆ ನಮ್ಮ ವ್ಯವಸ್ಥೆ ಇದೆ.

2019ರ ಫೆಬ್ರವರಿ ಕೊನೆಯ ವಾರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಫೆಬ್ರವರಿ 23ರಂದು ಯಲಹಂಕದ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆಯಲ್ಲಿ, ಒಣಹುಲ್ಲಿನ ಬಯಲಲ್ಲಿ ಸಾಲಾಗಿ ನಿಂತಿದ್ದ ಸುಮಾರು 300 ಕಾರುಗಳು ನೋಡನೋಡುತ್ತಿದ್ದಂತೆ ಸುಟ್ಟು ಕರಕಲಾದವು. ಬೆಂಗಳೂರೆಲ್ಲ ಆ ಕಪ್ಪು ಹೊಗೆಯ ಬಗ್ಗೆ ಮಾತಾಡಿತು. ಅದೇ ದಿನಗಳಲ್ಲಿ, ಅದೇ ಬಿಸಿಲಿನಲ್ಲಿ, ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬೆಂಕಿ ಬೆಟ್ಟದಿಂದ ಬೆಟ್ಟಕ್ಕೆ ಹಾರುತ್ತಿತ್ತು. ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ದೊಡ್ಡ ಚೀಲಗಳಲ್ಲಿ ನೀರು ಹೊತ್ತು ಸುರಿದವು. ಅಷ್ಟು ಹೊತ್ತಿಗೆ ಸಿಬ್ಬಂದಿ, ಬುಡಕಟ್ಟಿನ ಕಾವಲುಗಾರರು, ಮೈಸೂರು, ಬೆಂಗಳೂರುಗಳಿಂದ ಹೋದ ಸ್ವಯಂಸೇವಕರು ಹಗಲು ರಾತ್ರಿ ಸೊಪ್ಪು ಹಿಡಿದು ಬಡಿದಿದ್ದರು. ಒಣಹುಲ್ಲು, ಗಾಳಿ, ಒಂದು ಕಿಡಿ. ನಗರದಲ್ಲೂ ಕಾಡಿನಲ್ಲೂ ಮೂಲ ಒಂದೇ. ಕಾಡಿನ ಬೆಂಕಿಗೆ ಮಾತ್ರ ನಾವು ಪ್ರಕೃತಿ ವಿಕೋಪ ಎಂಬ ಹೆಸರಿಟ್ಟು ಸುಮ್ಮನಾಗುತ್ತೇವೆ. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರಾ ಅಪರೂಪ. ಬೀಡಿ, ಅಡುಗೆ ಒಲೆ, ಹೊಸ ಹುಲ್ಲು ಚಿಗುರಲಿ ಎಂಬ ಆಸೆ, ಉದುರಿದ ಜಿಂಕೆ ಕೊಂಬು ಸುಲಭವಾಗಿ ಕಾಣಲಿ ಎಂಬ ದುರಾಸೆ, ಇಲಾಖೆಯ ಮೇಲಿನ ಸಿಟ್ಟು. ಇವೆಲ್ಲ ಮನುಷ್ಯರ ಕಾರಣಗಳು. ಒಣಗಿದ ಆನೆ ಲದ್ದಿ ಒಮ್ಮೆ ಹೊತ್ತಿದರೆ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತದೆ. ಅದರಲ್ಲಿ ಕೆಂಡವಿಟ್ಟು ತಾವು ದೂರ ಹೋದ ಮೇಲೆ ಕಾಡು ಹೊತ್ತಲಿ ಎಂದು ಮಾಡುವ ಕಿಡಿಗೇಡಿಗಳೂ ಇದ್ದಾರೆ. ಹಾಗಾಗಿ ಉರಿ ಆರಿದ ಮೇಲೂ ಸಿಬ್ಬಂದಿ ಲದ್ದಿ, ಬಿದ್ದ ದಿಮ್ಮಿ, ಪೊಟರೆಗಳನ್ನು ಒಂದೊಂದಾಗಿ ಕೆದಕಿ ನೋಡುತ್ತ ನಡೆಯಬೇಕು.

ಈಗ ಉಪಗ್ರಹವೂ ಕಾಡು ಕಾಯುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ಆಯಾ ವಲಯದ ಸಿಬ್ಬಂದಿಯ ಮೊಬೈಲಿಗೆ ಕಳಿಸುತ್ತದೆ. ಒಳ್ಳೆಯದೇ. ಆದರೆ ಉಪಗ್ರಹ ಹಾದುಹೋಗುವ ಹೊತ್ತು ಬೇರೆ, ಕಿಡಿ ಬೀಳುವ ಹೊತ್ತು ಬೇರೆ. ಸುದ್ದಿ ತಲುಪುವಷ್ಟರಲ್ಲಿ ಗಾಳಿಯಿದ್ದರೆ ಬೆಂಕಿ ಒಂದು ಗುಡ್ಡ ದಾಟಿರುತ್ತದೆ. ವೀಕ್ಷಣಾ ಗೋಪುರದ ಮೇಲೆ ಕೂತವನ ಕಣ್ಣಿಗೆ ಬದಲಿ ಇನ್ನೂ ಬಂದಿಲ್ಲ.

ಆ ಕಣ್ಣುಗಳಲ್ಲಿ ಕೆಲವು ಮತ್ತೆ ಮನೆಗೆ ಬರಲಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯೊಡನೆ ಹೋರಾಡುತ್ತ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು. 2018ರ ಮಾರ್ಚ್ 3ರಂದು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕ ಎಸ್. ಮಣಿಕಂಡನ್ ಡಿ.ಬಿ. ಕುಪ್ಪೆ ವಲಯದಲ್ಲಿ ಬೆಂಕಿ ಬಿದ್ದಿದ್ದ ಜಾಗ ನೋಡಲು ಹೋಗಿದ್ದಾಗ ಆನೆ ದಾಳಿಗೆ ಬಲಿಯಾದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಇನ್ನೊಬ್ಬ ಸಿಬ್ಬಂದಿ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಮೂರೂ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲೇ. ನಿರ್ದೇಶಕರಿಂದ ಹಿಡಿದು ಅರಣ್ಯ ರಕ್ಷಕನವರೆಗೆ ಯಾರನ್ನೂ ಈ ಋತು ಬಿಟ್ಟಿಲ್ಲ. ಹತ್ತಿ ಬಟ್ಟೆಯ ಸಮವಸ್ತ್ರ, ಸಾಧಾರಣ ಬೂಟು ತೊಟ್ಟು ಉರಿಯ ಎದುರು ನಿಲ್ಲುವ ಇವರಿಗೆ ಬೆಂಕಿ ತಡೆಯುವ ಉಡುಪು ಪ್ರತಿ ವಲಯದಲ್ಲೂ ಸಿಗುವಂತಾಗಬೇಕು. ಅದು ಆಡಂಬರವಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಸಕಾಲದಲ್ಲಿ ಸಣ್ಣ ಬೆಂಕಿ ಇಟ್ಟು ದೊಡ್ಡ ಬೆಂಕಿ ತಡೆಯುವ ವಿದ್ಯೆ ಇಲಾಖೆ ಹುಟ್ಟುವ ಎಷ್ಟೋ ಮೊದಲೇ ನಮ್ಮ ಕಾಡುಗಳಲ್ಲಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ತರಗು ಬೆಂಕಿ ಎನ್ನುತ್ತಾರೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತಂಪಿರುವಾಗ, ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರಕ್ಕೂ ಏಳದೆ ನೆಲ ನೆಕ್ಕಿಕೊಂಡು ಹೋಗುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿಮರ ಹಿಂಡುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುವುದು ಅವರ ಅನುಭವ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಬೆಂಕಿ ನಿಂತ ದಶಕಗಳಲ್ಲಿ ಲಂಟಾನ ನುಗ್ಗಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿ ನಡೆಸಿದ ಅಧ್ಯಯನದಲ್ಲಿ, 1997ರಿಂದ 2008ರ ನಡುವೆ ಲಂಟಾನ ಹರಡಿದ ಪ್ರದೇಶ ಸುಮಾರು ದುಪ್ಪಟ್ಟಾದದ್ದು ಕಂಡಿತು.

ಹಾಗಾದರೆ ನಾಳೆಯಿಂದಲೇ ತರಗು ಬೆಂಕಿ ಇಡೋಣವೇ? ಆಗದು. ಲಂಟಾನ ಈಗ ಆಳೆತ್ತರ ಬೆಳೆದು ಕೊಂಬೆಗಳಿಗೆ ಏಣಿಯಾಗಿ ನಿಂತಿದೆ. ಅಂಥಲ್ಲಿ ಇಟ್ಟ ಬೆಂಕಿ ನೆಲದಲ್ಲಿ ಉಳಿಯದು, ಮರ ಹತ್ತುತ್ತದೆ ಎಂದು ಸೋಲಿಗ ಹಿರಿಯರೇ ಹೇಳುತ್ತಾರೆ. ಮೊದಲು ಲಂಟಾನ ಬೇರುಸಹಿತ ಹೋಗಬೇಕು. 2024ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಲಾಲ್‌ಬಾಗಿಗೆ ಹೋದವರು ಲಂಟಾನ ಕಡ್ಡಿಯಿಂದ ಹೆಣೆದ, ನಿಜದ ಗಾತ್ರದ ಆನೆಗಳ ಹಿಂಡನ್ನೇ ನೋಡಿರುತ್ತೀರಿ. ನೀಲಗಿರಿ ಸೀಮೆಯ ಆದಿವಾಸಿ ಕುಶಲಿಗಳ ಕೈಕೆಲಸ ಅದು. ಲಂಟಾನ ಕಡಿದರೆ ಕಾಡಿಗೂ ಲಾಭ, ಕೂಲಿಯೂ ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಲಂಟಾನ ತೆಗೆದ ಜಾಗದಲ್ಲಿ, ಇಲಾಖೆಯ ಕಣ್ಣೆದುರೇ, ಸೋಲಿಗರ ಕೈಯಲ್ಲಿ, ಜನವರಿಯ ತಂಪಿನಲ್ಲಿ ತರಗು ಬೆಂಕಿ ಮತ್ತೆ ನಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2011ರಲ್ಲೇ ಸೋಲಿಗರಿಗೆ ಆ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿದೆ. ಹಕ್ಕಿನ ಜೊತೆ ಅವರ ತಿಳಿವಳಿಕೆಗೂ ಮನ್ನಣೆ ಸಿಗಬೇಕಲ್ಲವೇ?

ಜನರನ್ನು ಜೊತೆಗಿಟ್ಟುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಆಗಲೇ ಹೇಳಿದ ನೇಗಿನಹಾಳರೇ 1970ರ ದಶಕದಲ್ಲಿ ಆ ಊರಿನ ಹೆಜ್ಜಾರ್ಲೆಗಳ ಬಗ್ಗೆ ಬರೆದು ಹೊರಜಗತ್ತಿಗೆ ತಿಳಿಸಿದವರು. ಚಳಿ ಕಳೆಯುವ ಈ ತಿಂಗಳುಗಳಲ್ಲೇ ಹಕ್ಕಿಗಳು ಅಲ್ಲಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಮರಿ ಮಾಡುತ್ತವೆ. ಮನೆ ಮುಂದಿನ ಮರದ ಹುಣಸೆಹಣ್ಣು ಬಡಿಯದೆ ಬಿಡುವ ಮಾಲೀಕರಿಗೆ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಬೇಲಿ ಇಲ್ಲ, ಗೇಟಿಲ್ಲ. ಊರವರೇ ಕಾವಲು.

ಇನ್ನು ನಮ್ಮ ಪಾಲಿನ ಮಾತು. ಬನಶಂಕರಿ ಆರನೇ ಹಂತದ ಪಕ್ಕದಲ್ಲೇ ತುರಹಳ್ಳಿ ಕಾಡಿದೆ. ಸುಮಾರು 600 ಎಕರೆಯ ಕುರುಚಲು ಕಾಡು, ಬಂಡೆಗಳ ಗುಡ್ಡ. 2021ರ ಫೆಬ್ರವರಿಯಲ್ಲಿ ಅದನ್ನು ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ದಕ್ಷಿಣ ಬೆಂಗಳೂರಿನವರು ಬೀದಿಗಿಳಿದು, ಕಾಡು ಕಾಡಾಗಿಯೇ ಇರಲಿ ಎಂದು ಕೇಳಿದರು. ಯೋಜನೆ ನಿಂತಿತು. ಆ ಒಗ್ಗಟ್ಟು ನನಗೆ ಬಹಳ ಹೆಮ್ಮೆಯ ವಿಷಯ. ಆದರೆ ಪ್ರತಿ ಬೇಸಿಗೆಯ ಬಾಗಿಲಲ್ಲಿ ಆ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವ ಭಯ ಇದ್ದೇ ಇದೆ. ಸಂಜೆ ಬಂಡೆಯ ಮೇಲೆ ಕೂತು ಸೇದಿ ಎಸೆದ ಸಿಗರೇಟಿನ ತುಂಡು ಸಾಕು. ಹುಲ್ಲಿನ ಬುಡದಲ್ಲಿ ಈ ಹೊತ್ತಿಗೆ ನತ್ತಿಂಗಗಳು, ಟಿಟ್ಟಿಭಗಳು ನೆಲದ ಮೇಲೇ ಮೊಟ್ಟೆ ಇಡಲು ತೊಡಗಿರುತ್ತವೆ. ಹಾರಬಲ್ಲ ತಾಯಿ ಹಾರುತ್ತದೆ. ಮೊಟ್ಟೆ ಎಲ್ಲಿಗೆ ಹೋಗಬೇಕು? ತುರಹಳ್ಳಿಯಲ್ಲಿ ಹೊಗೆ ಕಂಡರೆ ವಿಡಿಯೋ ಮಾಡುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕನಕಪುರ ರಸ್ತೆಯಲ್ಲಿ ಶಿವರಾತ್ರಿಗೆ ಕೆಲವು ದಿನ ಮೊದಲು ಹೊರಗೆ ನಿಂತು ನೋಡಿದರೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಮಾದಪ್ಪನ ಭಕ್ತರು ತಂಡತಂಡವಾಗಿ ಕಾಣುತ್ತಾರೆ. ಕನಕಪುರ ದಾಟಿ, ಸಂಗಮದ ಕಡೆ ಇಳಿದು, ನೀರು ಕಡಿಮೆಯಾದ ಕಾವೇರಿಯನ್ನು ಹಾದು, ಸಾವಿರಾರು ಜನ ವನ್ಯಜೀವಿ ಧಾಮದ ನಡುವೆಯೇ ನಡೆಯುತ್ತಾರೆ. ಕಾಡು ಒಣಗಿ ನಿಂತಿರುವ ದಿನಗಳೂ ಅವೇ. ಹರಕೆ ಹೊತ್ತವರನ್ನು ತಡೆಯಲಾಗದು. ತಡೆಯಲೂಬಾರದು. ಮಾದಪ್ಪ ಕಾಡಿನ ದೇವರು, ಹುಲಿಯನ್ನೇ ವಾಹನ ಮಾಡಿಕೊಂಡವನು. ಅರಣ್ಯ ಸಿಬ್ಬಂದಿ ಹಗಲಿರುಳು ಆ ದಾರಿಯಲ್ಲಿ ನಿಂತು ಆನೆ ಬರದಂತೆ, ಯಾರೂ ದಾರಿ ತಪ್ಪದಂತೆ, ಒಲೆ ಹೂಡದಂತೆ ನೋಡಿಕೊಳ್ಳುತ್ತಾರೆ. ನಿಮ್ಮ ಮನೆಯಿಂದ ಯಾರಾದರೂ ಆ ಯಾತ್ರೆಗೆ ಹೊರಟರೆ ಬುತ್ತಿ ಕಟ್ಟಿ ಕಳಿಸಿ, ಕಾಡೊಳಗೆ ಒಲೆ ಹಚ್ಚುವ ಪ್ರಸಂಗ ಬಾರದಿರಲಿ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ನಮ್ಮ ಬೀದಿಯ ತರಗೆಲೆಯನ್ನೂ ಸುಡದೆ ಗೊಬ್ಬರ ಮಾಡೋಣ. ಜಯನಗರದ ಎಷ್ಟೋ ಮನೆಗಳಲ್ಲಿ ಈಗಾಗಲೇ ಮಾಡುತ್ತಿದ್ದಾರೆ.

ಕೊನೆಯದಾಗಿ ಬೆಂಕಿ ಕಾವಲುಗಾರರ ವಿಷಯ. ಇಲಾಖೆಯವರು ಫೈರ್ ವಾಚರ್ ಎಂದು ಕರೆಯುವ ಇವರು ಕಾಡಂಚಿನ ಹಾಡಿ, ಪೋಡು, ಹಳ್ಳಿಗಳವರು. ಸೋಲಿಗರು, ಜೇನುಕುರುಬರು ಇವರಲ್ಲಿ ಬಹಳ ಮಂದಿ. ಗಾಳಿ ಯಾವ ಕಣಿವೆಯಲ್ಲಿ ಯಾವ ಹೊತ್ತಿಗೆ ತಿರುಗುತ್ತದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ, ಬರುವ ಉರಿಗೆ ಎದುರು ಬೆಂಕಿ ಎಲ್ಲಿ ಕೊಡಬೇಕು ಎಂಬುದು ಅವರಿಗೆ ಕರತಲಾಮಲಕ. ಹೊಸದಾಗಿ ಬಂದ ಅಧಿಕಾರಿ ಅವರ ಹಿಂದೆ ನಡೆದೇ ಕಾಡು ಕಲಿಯುತ್ತಾರೆ. ಇವರ ನೇಮಕ ಕೆಲವೇ ತಿಂಗಳಿನದು. ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ನೆನೆದ ಮೇಲೆ ಇವರ ಕೆಲಸವೂ ಮುಗಿಯುತ್ತದೆ. ಕಾಡಿಗೆ ಒಳ್ಳೆಯದಾಗುವ ಮಳೆ ಇವರ ಕೂಲಿಯನ್ನು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಲಂಟಾನ ಕೀಳುವ ಕೆಲಸ ಬೇಕಾದಷ್ಟಿದೆ. ನೆಲ ಮೆತ್ತಗಿದ್ದಾಗಲೇ ಬೇರು ಸಲೀಸಾಗಿ ಬರುವುದು. ಆ ಕೆಲಸಕ್ಕೆ ಇದೇ ಜನರನ್ನು ವರ್ಷಪೂರ್ತಿ ಇಟ್ಟುಕೊಳ್ಳಬೇಕೆಂದು ಸರ್ಕಾರವನ್ನು ನಾನು ಈ ಬಾನುಲಿಯ ಮೂಲಕ ಕೇಳಿಕೊಳ್ಳುತ್ತೇನೆ.